ಬರೀ ಪೀಡೆ ಎಂಬ ನಾವಿಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾದಳದ ನಾವಿಕನೊಬ್ಬನ ಮೇಲೆ ಬರೆದಿಟ್ಟ ಆರೋಪಗಳು ಇವು: ಪಾಸು ಇಟ್ಟುಕೊಳ್ಳದೆ ರೈಲಿನಲ್ಲಿ ಪ್ರಯಾಣ ಮಾಡಿದ್ದು, ರಜೆ ಪಡೆಯದೆ ಗೈರುಹಾಜರಾದದ್ದು, ಕೊರಳಪಟ್ಟಿಯನ್ನು ಕಳೆದುಕೊಂಡದ್ದು, ಬಾಗಿಲು ಮುಚ್ಚುವ ಹೊತ್ತಾದರೂ ಮದ್ಯದಂಗಡಿಯಿಂದ ಹೊರಡಲು ಒಪ್ಪದಿದ್ದದ್ದು, ತನಗೆ ಸಲ್ಲದ ಜಾಗದಲ್ಲಿ, ಅಂದರೆ ಪೆಟಿ ಆಫೀಸರರ ವಸತಿಯ ಹಾಸಿಗೆಯೊಂದರಲ್ಲಿ, ಮಲಗಿದ್ದು. ಈ ಕೊನೆಯ ತಪ್ಪಿಗೆ ವಿಧಿಸಿದ ಶಿಕ್ಷೆ, ಏಳು ದಿನಗಳ ಕಾಲ ಮೂಳೆ ಕೊಡತಕ್ಕದ್ದಲ್ಲ ಎಂಬುದು. ಕೊರಳಪಟ್ಟಿಯ ಮಾತು ಬಂದಾಗಲೇ ಅನುಮಾನಗೊಂಡ ಓದುಗರ ಊಹೆ ಸರಿ. ಈ ನಾವಿಕ ಒಂದು ನಾಯಿ.

ದಕ್ಷಿಣ ಆಫ್ರಿಕದ ಕೇಪ್ ಟೌನಿನ ರೊಂಡೆಬಾಶ್ ಎಂಬಲ್ಲಿ 1937ರ ಏಪ್ರಿಲ್ 1ರಂದು ಹುಟ್ಟಿದ ಗ್ರೇಟ್ ಡೇನ್ ತಳಿಯ ಗಂಡು ನಾಯಿ ಅದು. ಕೊಂಡುಕೊಂಡವರು ಬೆಂಜಮಿನ್ ಚೇನಿ. ಅವರು ಸೈಮನ್ಸ್ ಟೌನಿನಲ್ಲಿ ನಾವಿಕರು ಬಂದು ಕೂರುವ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟನ್ನು ನಡೆಸಲು ಹೋದಾಗ ನಾಯಿಯೂ ಜೊತೆಗೆ ಹೋಯಿತು. ಸೈಮನ್ಸ್ ಟೌನ್ ಆಗ ಬ್ರಿಟಿಷ್ ನೌಕಾದಳದ ನೆಲೆ. ಹಿಂಗಾಲುಗಳ ಮೇಲೆ ನಿಂತರೆ ಸುಮಾರು 2 ಮೀಟರು ಎತ್ತರವಾಗುತ್ತಿದ್ದ ಈ ಪ್ರಾಣಿ ಬಂದರಿನಲ್ಲಿ ತನಗಾಗಿ ಒಂದು ಜಾಗವನ್ನು ಗೊತ್ತುಮಾಡಿಕೊಂಡಿತು. ನೆಪ್ಚೂನ್ ಎಂಬ ಯುದ್ಧನೌಕೆಗೆ ಹತ್ತುವ ಹಲಗೆಯ ಮೇಲ್ತುದಿ ಅದು. ಹಡಗಿಗೆ ಬರುವವರಿಗೂ ಇಳಿಯುವವರಿಗೂ ಇರುವುದು ಅದೊಂದೇ ದಾರಿ. ನಾಯಿಯೋ ಅಲ್ಲೇ ಮೈಚಾಚಿ ಮಲಗುವುದು, ಜಪ್ಪಯ್ಯ ಎಂದರೂ ಏಳದು. ನಾವಿಕರು ಅದನ್ನು ‘ನ್ಯೂಸೆನ್ಸ್’ ಎಂದು ಕರೆಯತೊಡಗಿದರು. ಪೀಡೆ ಎಂದು ಅರ್ಥ. ಬೈಗುಳವಾಗಿ ಹುಟ್ಟಿದ್ದು ಹೆಸರಾಗಿ ನಿಂತಿತು.

ಹಟ ಹಡಗಿನಲ್ಲೇ ನಿಂತಿದ್ದರೆ ಇತಿಹಾಸಕ್ಕೆ ಇದರ ಗೊಡವೆ ಇರುತ್ತಿರಲಿಲ್ಲ. ಸೈಮನ್ಸ್ ಟೌನಿನಿಂದ ಕೇಪ್ ಟೌನಿಗೆ ಕಡಲಂಚಿನಲ್ಲಿ ಸಾಗುವ ಉಪನಗರ ರೈಲುಮಾರ್ಗವೊಂದಿದೆ. ರಜೆಯ ಸಂಜೆ ನಾವಿಕರು ಆ ಗಾಡಿ ಹತ್ತಿ ನಗರಕ್ಕೆ ಹೋಗುತ್ತಿದ್ದರು. ನ್ಯೂಸೆನ್ಸ್ ಕೂಡ ಹತ್ತುತ್ತಿತ್ತು, ಮೂವರು ಕೂರಬಹುದಾದ ಆಸನದ ಮೇಲೆ ಮಲಗುತ್ತಿತ್ತು. ಮುಂಬಯಿಯ ಲೋಕಲ್ ಗಾಡಿಗಳಲ್ಲಿ ‘ಫೋರ್ತ್ ಸೀಟ್’ ಗಿಟ್ಟಿಸಿ ಅರ್ಧ ಮೈಯನ್ನು ಗಾಳಿಗಿಟ್ಟು ಕೂರುವ ನಮ್ಮಂಥವರಿಗೆ ಇದರ ಗಾಂಭೀರ್ಯ ಬೇಗ ತಿಳಿಯುತ್ತದೆ. ಟಿಕೆಟ್ ತಪಾಸಕರು ಮುಂದಿನ ನಿಲ್ದಾಣದಲ್ಲಿ ಇಳಿಸಿದರೆ ಅದು ಇಳಿಯುತ್ತಿತ್ತು. ಅಲ್ಲೇ ಕಾದಿದ್ದು ಮುಂದಿನ ಗಾಡಿ ಹತ್ತುತ್ತಿತ್ತು. ಇದು ಓಡಿಹೋಗುವ ಕಳ್ಳನ ರೀತಿಯಲ್ಲ. ಆಕ್ಷೇಪವನ್ನು ಕೇಳಿಸಿಕೊಂಡು ಮನ್ನಿಸದೆ ಬಿಡುವವನ ರೀತಿ. ಸಹಪ್ರಯಾಣಿಕರಲ್ಲಿ ಕೆಲವರು ಅದರ ಟಿಕೆಟ್ಟಿನ ಹಣ ಕೊಡಲು ಮುಂದಾದದ್ದೂ ಉಂಟು.

ರೈಲ್ವೆಗೆ ಇದು ತಮಾಷೆಯಾಗಿ ಕಾಣಲಿಲ್ಲ. ನಾಯಿಯನ್ನು ತಡೆಯಿರಿ, ಇಲ್ಲವೇ ಪ್ರಯಾಣದ ಹಣ ಕಟ್ಟಿ, ಎರಡೂ ಆಗದಿದ್ದರೆ ಅದನ್ನು ಕೊಲ್ಲಿಸಬೇಕಾಗುತ್ತದೆ ಎಂಬ ಎಚ್ಚರಿಕೆ ಚೇನಿಯವರಿಗೆ ಬಂತು. ಸುದ್ದಿ ಹಬ್ಬಿದೊಡನೆ ನಾವಿಕರೂ ಊರವರೂ ನೌಕಾದಳಕ್ಕೆ ಪತ್ರಗಳನ್ನು ಬರೆದರು. ಅಧಿಕಾರಿಗಳು ಹುಡುಕಿದ ಉಪಾಯದಲ್ಲಿ ನಗುವಿದೆ, ಆದರೆ ಅದು ಬರೀ ನಗುವಲ್ಲ. ದಳಕ್ಕೆ ಸೇರಿದ ನಾವಿಕನಿಗೆ ರೈಲಿನಲ್ಲಿ ಉಚಿತ ಪ್ರಯಾಣದ ಹಕ್ಕಿದೆ; ಆದ್ದರಿಂದ ನಾಯಿಯನ್ನು ನಾವಿಕನನ್ನಾಗಿ ಮಾಡಿದರೆ ಆಯಿತು! 1939ರ ಆಗಸ್ಟ್ 25ರಂದು, ಯುರೋಪಿನಲ್ಲಿ ಯುದ್ಧ ಆರಂಭವಾಗಲು ಒಂದು ವಾರ ಉಳಿದಿದ್ದಾಗ, ಅದು ವಿಧಿವತ್ತಾಗಿ ಭರ್ತಿಯಾಯಿತು. ನಮೂನೆಯಲ್ಲಿ ಮನೆತನದ ಹೆಸರಿನ ಜಾಗಕ್ಕೆ ‘ನ್ಯೂಸೆನ್ಸ್’ ಸಿಕ್ಕಿತು. ಮೊದಲ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲವಲ್ಲ, ‘ಜಸ್ಟ್’ ಎಂದು ಬರೆದರು. ಬರೀ ಪೀಡೆ. ಕಸುಬು: ಮೂಳೆ ಮುರಿಯುವುದು. ಧರ್ಮದ ಅಂಕಣದಲ್ಲಿ, ಕೇಳಿ ಕಸಿದು ತಿನ್ನುವವನು ಎಂಬರ್ಥದ ಮಾತು. ಸಹಿಯ ಬದಲು ಪಂಜದ ಗುರುತು. ಮುಂದೆ ಆರ್ಡಿನರಿ ಸೀಮನ್ ಹುದ್ದೆಯಿಂದ ಏಬಲ್ ಸೀಮನ್ ಹುದ್ದೆಗೆ ಬಡ್ತಿಯಾಯಿತು. ಬಡ್ತಿಯಿಂದ ಪಡಿತರದ ಹಕ್ಕು ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

ನಮ್ಮ ಗಮನ ಸೆಳೆಯುವುದು ಈ ಕಾಗದದ ಶಕ್ತಿ. ನಾಯಿ ಬದಲಾಗಲಿಲ್ಲ, ರೈಲಿನ ನಿಯಮವೂ ಬದಲಾಗಲಿಲ್ಲ. ಅವೆರಡರ ನಡುವೆ ಒಂದು ಹಾಳೆ ಬಂತು, ಒಂದು ಜೀವ ಉಳಿಯಿತು. ಇದೇ ದಕ್ಷಿಣ ಆಫ್ರಿಕದಲ್ಲಿ, ಅಂದು ಪ್ರತ್ಯೇಕ ವಸಾಹತಾಗಿದ್ದ ನಟಾಲಿನ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, 1893ರ ಜೂನಿನ ಚಳಿರಾತ್ರಿ ಮೊದಲ ದರ್ಜೆಯ ಟಿಕೆಟ್ ಕೈಯಲ್ಲಿದ್ದ ತರುಣ ವಕೀಲ ಮೋಹನದಾಸ ಗಾಂಧಿಯನ್ನು ಗಾಡಿಯಿಂದ ಹೊರಗೆ ಹಾಕಿದ್ದರು. ಅಲ್ಲಿ ಕಾಗದ ಇದ್ದೂ ಕೆಲಸಕ್ಕೆ ಬರಲಿಲ್ಲ.

ನಾವಿಕ ನ್ಯೂಸೆನ್ಸ್ ಎಂದೂ ಸಮುದ್ರಯುದ್ಧಕ್ಕೆ ಹೋಗಲಿಲ್ಲ. ಆಫ್ರಿಕಾಂಡರ್ ಎಂಬ ದಡದ ನೆಲೆಯಲ್ಲಿ ಅದರ ದಿನಗಳು ಕಳೆದವು. ಮೆಡಿಟರೇನಿಯನ್ ದಾರಿ ಅಪಾಯಕರವಾದ್ದರಿಂದ ಸೈನಿಕರನ್ನು ಹೊತ್ತ ಹಡಗುಗಳು ಕೇಪ್ ಸುತ್ತಿ ಸಾಗುತ್ತಿದ್ದ ಕಾಲ ಅದು. ಮನೆಯಿಂದ ಬಹುದೂರ ಬಂದ ಎಳೆಯ ಹುಡುಗರು ಬಂದರಿನಲ್ಲಿ ತುಂಬಿದ್ದರು. ಅದಕ್ಕೆ ಪ್ರೀತಿಯಿದ್ದದ್ದು ಅಗಲ ಕಾಲಿನ ಷರಾಯಿ ತೊಟ್ಟ ಈ ಸಾಮಾನ್ಯ ನಾವಿಕರ ಮೇಲೆ, ಅಧಿಕಾರಿಗಳನ್ನು ಅದು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ ಎನ್ನುತ್ತಾರೆ. ಕುಡಿದು ತೂರಾಡುವವರ ಜೊತೆ ರಾತ್ರಿಯ ಕೊನೆಯ ಗಾಡಿಯಲ್ಲಿ ನೆಲೆಗೆ ಹಿಂದಿರುಗುತ್ತಿತ್ತು ಎಂಬ ಕಥೆಗಳೂ ಇವೆ. ಸಭೆ ಸಮಾರಂಭಗಳಿಗೆ ಅದನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಅಡಿಂಡಾ ಎಂಬ ಹೆಣ್ಣುನಾಯಿಯೊಡನೆ ‘ಮದುವೆ’ ಮಾಡಿದರು. ಹುಟ್ಟಿದ ಐದು ಮರಿಗಳಲ್ಲಿ ಎರಡನ್ನು ಯುದ್ಧನಿಧಿಗಾಗಿ ಕೇಪ್ ಟೌನಿನಲ್ಲಿ ಹರಾಜು ಹಾಕಿದರು. ಇಷ್ಟನ್ನೇ ಹೇಳಿ ಸುಮ್ಮನಾದರೆ ಚಿತ್ರ ಸಿಹಿಯಾಗಿಬಿಡುತ್ತದೆ. ಬೇರೆ ಹಡಗುಗಳವರು ಸಾಕಿಕೊಂಡಿದ್ದ ನಾಯಿಗಳೊಡನೆ ಅದು ಕಾದಾಡುತ್ತಿತ್ತು, ಕನಿಷ್ಠ ಎರಡನ್ನು ಕೊಂದಿತು. ಅಷ್ಟು ದೊಡ್ಡ ದೇಹದೊಡನೆ ಬಾಳುವೆ ಮಾಡುವವರಿಗೆ ಅದರ ಹಟದ ಈ ಮುಖವೂ ಪಾಲಿಗೆ ಬರುತ್ತದೆ. ಅದನ್ನು ಪ್ರೀತಿಸಿದವರು ಇದನ್ನು ಕಥೆಯಲ್ಲಿ ಕೊಂಚ ಹಿಂದಕ್ಕೆ ಸರಿಸಿಡುತ್ತಾರೆ.

ನಾಯಿಗೆ ಗೌರವ ಸಲ್ಲಿಸುವುದು ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರಿನ ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನೆಟ್ಟ ಕಲ್ಲು. ಆದರೆ ಕಾಳಿಗೆ ಕಲ್ಲು ದೊರೆತದ್ದು ಕಾದಾಡಿ ಮಡಿದದ್ದಕ್ಕೆ. ನ್ಯೂಸೆನ್ಸಿನ ಸಾಧನೆ ಎಂದರೆ ಜಾಗ ಬಿಡದೆ ಮಲಗಿದ್ದು.

ಅಪಘಾತವೊಂದರಲ್ಲಿ ಪೆಟ್ಟಾಗಿ ರಕ್ತನಾಳದ ತೊಂದರೆಯಿಂದ ಅದರ ಅಂಗಗಳು ಸ್ವಾಧೀನ ತಪ್ಪುತ್ತ ಬಂದವು. 1944ರ ಜನವರಿ 1ರಂದು ಸೇವೆಯಿಂದ ಬಿಡುಗಡೆ ಮಾಡಿದರು. ಅದೇ ವರ್ಷ ಏಪ್ರಿಲ್ 1ರಂದು, ಅದಕ್ಕೆ ಏಳು ವರ್ಷ ತುಂಬಿದ ದಿನ, ನೌಕಾದಳದ ಆಸ್ಪತ್ರೆಯಲ್ಲಿ ಚುಚ್ಚುಮದ್ದಿನಿಂದ ಅದರ ನೋವನ್ನು ಮುಗಿಸಿದರು. ಕ್ಯಾನ್ವಾಸಿನಲ್ಲಿ ಸುತ್ತಿ, ದಳದ ಧ್ವಜ ಹೊದಿಸಿ, ಗುಂಡು ಹಾರಿಸಿ, ಕಹಳೆ ಊದಿ, ಊರಿನ ಮೇಲಣ ರೆಡ್ ಹಿಲ್ ಎಂಬ ಗುಡ್ಡದಲ್ಲಿ ಮಣ್ಣು ಮಾಡಿದರು. 1985ರಲ್ಲಿ ಜೀನ್ ಡಾಯ್ಲ್ ಎಂಬ ಶಿಲ್ಪಿ ಮಾಡಿದ ಕಂಚಿನ ಪ್ರತಿಮೆ ಊರಿನ ಜ್ಯೂಬಿಲಿ ಚೌಕದಲ್ಲಿ ನಿಂತಿತು. ಪಂಜದ ಗುರುತಿರುವ ಕಾಗದಪತ್ರಗಳು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ.

ನಾಯಿ ಸತ್ತು ನಾಲ್ಕು ವರ್ಷಕ್ಕೆ, 1948ರಲ್ಲಿ, ಕೇಪ್ ಪರ್ಯಾಯದ್ವೀಪದ ಉಪನಗರ ರೈಲುಗಳಲ್ಲಿ ಬಿಳಿಯರಿಗೆ ಬೇರೆ, ಉಳಿದವರಿಗೆ ಬೇರೆ ಬೋಗಿಗಳಾದವು. ಅದನ್ನು ಪ್ರತಿಭಟಿಸಿ ಗಾಡಿ ಹತ್ತಿದವರಿಗೆ ಯಾವ ದಳವೂ ಪಾಸು ಕೊಡಲಿಲ್ಲ. 1967ರಲ್ಲಿ ಸೈಮನ್ಸ್ ಟೌನನ್ನು ಬಿಳಿಯರ ವಲಯವೆಂದು ಘೋಷಿಸಿ, ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ ಸಾವಿರಾರು ಜನರನ್ನು ಎಬ್ಬಿಸಿದರು. ಅವರಲ್ಲಿ ಹಲವರು ಓಷನ್ ವ್ಯೂ ಎಂಬ ಬಡಾವಣೆಗೆ ಹೋದರು. ಬೆಸ್ತರು, ಬಂದರಿನ ಕೂಲಿಕಾರರು, ಮಸೀದಿಯ ಸುತ್ತಲಿನ ಮಲಯ್ ಕುಟುಂಬಗಳು. ಹಲಗೆಯ ಮೇಲೆ ಮಲಗಿದ ನಾಯಿಯನ್ನು ದಾಟಿಕೊಂಡು ಬಂದರಿನ ಕೆಲಸಕ್ಕೆ ಹೋದವರೂ ಅವರಲ್ಲಿ ಇದ್ದಿರಬಹುದು. ನ್ಯೂಸೆನ್ಸನ್ನು ಹೂಳಿದ ರೆಡ್ ಹಿಲ್‌ನ ಮೇಲೂ ಒಂದು ಹಳ್ಳಿಯಿತ್ತು, ಅದನ್ನೂ ಖಾಲಿ ಮಾಡಿಸಿದರು. ಆ ಮನೆಗಳ ಕಲ್ಲಿನ ಗೋಡೆಗಳು ಪೊದೆಗಳ ನಡುವೆ ಈಗಲೂ ಕಾಣುತ್ತವೆ. ನಾಯಿಯ ಸಮಾಧಿಯೂ ಆ ಗುಡ್ಡದಲ್ಲೇ ಇದೆ.