ಕುಂದಗೋಳದ ಗಾಯನವೂ ತಂತಿಯ ಪಾಲೂ

ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ, ನಾಡಗೀರರ ವಾಡೆಯ ಆಶ್ರಯದಲ್ಲಿ ಕಿರಾನಾ ಘರಾನೆಯ ಗಾಯನ ಬೇರೂರಿದ ಕಾಲಕ್ಕೆ, ಹಾಡುವ ಕಂಠಕ್ಕೂ ಕೇಳುವ ಕಿವಿಗೂ ನಡುವೆ ಯಾವ ಯಂತ್ರವೂ ಇರಲಿಲ್ಲ. ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು (1886–1952), ಇಲ್ಲಿ ಭೀಮಸೇನ ಜೋಶಿಯವರಿಗೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೂ ಕಲಿಸಿದರು. ಒಂದೊಂದು ಸ್ವರದಲ್ಲಿಯೂ ನಿಂತು ಅದನ್ನು ಬೆಳೆಸುವ ಈ ಪರಂಪರೆಯ ರಸಿಕರು, ಮನೆಯ ಹೈ-ಫೈ ಉಪಕರಣದ, ಎಂದರೆ ಮೂಲ ನಾದಕ್ಕೆ ಆದಷ್ಟು ನಿಷ್ಠವಾದ ಧ್ವನಿಯಂತ್ರದ, ಕೇಬಲ್ ಬದಲಿಸಿದರೆ ನಾದವೂ ಬದಲಾದೀತೇ ಎಂದು ಕೇಳುವುದು ಸಹಜವೇ ಆಗಿದೆ.

ಕರೀಂ ಖಾನರ ಧ್ವನಿ 1905ರ ಸುಮಾರಿಗೆ ಮೊದಲು ಮುದ್ರಣಗೊಂಡಾಗ ಅಲ್ಲಿ ವಿದ್ಯುತ್ ತಂತಿಯೇ ಇರಲಿಲ್ಲ; ಗಾಯಕರು ದೊಡ್ಡ ಕಹಳೆಯೊಳಗೆ ಹಾಡಿದರೆ, ಗಾಳಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೀರು ಕೊರೆಯುತ್ತಿತ್ತು. ಈ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 2,500ಕ್ಕಿಂತ ಹೆಚ್ಚಿನ ಕಂಪನಗಳು ಬಹುಮಟ್ಟಿಗೆ ಕಳೆದುಹೋಗುತ್ತಿದ್ದವು. 1925ರಲ್ಲಿ ಮೈಕು ಮತ್ತು ಆಂಪ್ಲಿಫೈಯರ್ ಬಳಸುವ ವಿದ್ಯುತ್ ಮುದ್ರಣ ಆರಂಭವಾದ ಮೇಲೆ ಆ ಮಿತಿ ಸುಮಾರು 5,000ಕ್ಕೆ ಏರಿತು. ಗಂಗೂಬಾಯಿಯವರ 1930ರ ದಶಕದ ತಟ್ಟೆಗಳು ಈ ಎರಡನೆಯ ಕಾಲದವು. ಸುಧಾರಣೆ ಬಂದದ್ದು ಮೈಕಿನಿಂದ ಮತ್ತು ಆಂಪ್ಲಿಫೈಯರಿನಿಂದಲೇ ಹೊರತು ಅವುಗಳನ್ನು ಜೋಡಿಸಿದ ತಂತಿಯಿಂದಲ್ಲ ಎಂಬುದು ಇಲ್ಲಿ ಗಮನಾರ್ಹ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದಾಗ ಈ ಗಾಯನ ಹಳ್ಳಿಯ ಮನೆಗಳಿಗೂ ತಲುಪಿತು.

ತಂತಿ ನಿಜಕ್ಕೂ ಲೆಕ್ಕಕ್ಕೆ ಬರುವುದು ನವಲಗುಂದ, ಅಣ್ಣಿಗೇರಿ, ಕಲಘಟಗಿ ಸೀಮೆಯ ಜಾತ್ರೆ, ಬಯಲಾಟಗಳ ಮೈಕಿನ ವ್ಯವಸ್ಥೆಯಲ್ಲಿ. ತಂತಿಯು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ರೋಧವೆನ್ನುತ್ತಾರೆ. ಅದು ಉದ್ದದೊಂದಿಗೆ ಹೆಚ್ಚಿ ದಪ್ಪದೊಂದಿಗೆ ಕುಗ್ಗುತ್ತದೆ. 0.5 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿಯನ್ನು 50 ಮೀಟರ್ ದೂರಕ್ಕೆ ಎಳೆದರೆ, ಹೋಗಿಬರುವ 100 ಮೀಟರಿನ ರೋಧ ಸುಮಾರು 3.4 ಓಮ್ ಆಗುವುದರಿಂದ, 8 ಓಮಿನ ಸ್ಪೀಕರ್‌ಗೆ ದಕ್ಕಬೇಕಾದ ಶಕ್ತಿಯಲ್ಲಿ ಅರ್ಧದಷ್ಟೇ ದಕ್ಕುತ್ತದೆ. ಸ್ಪೀಕರಿನ ಸ್ವಂತ ರೋಧವು ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ನಾದದ ಬಣ್ಣವೂ ಕೆಡುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು 100 ವೋಲ್ಟ್ ಲೈನು: ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ಕಳಿಸಿದರೆ ಕರೆಂಟು ತಗ್ಗುತ್ತದೆ, ಕರೆಂಟು ತಗ್ಗಿದರೆ ದಾರಿಯಲ್ಲಾಗುವ ನಷ್ಟವೂ ತಗ್ಗುತ್ತದೆ, ಕೊನೆಗೆ ಪ್ರತಿಯೊಂದು ಹಾರ್ನ್ ಸ್ಪೀಕರಿನ ಬಳಿ ಮತ್ತೊಂದು ಟ್ರಾನ್ಸ್‌ಫಾರ್ಮರು ಅದನ್ನು ಇಳಿಸುತ್ತದೆ.

ಮನೆಯ ಪರಿಸ್ಥಿತಿ ಬೇರೆ. 2.5 ಚದರ ಮಿ.ಮೀ. ತಂತಿಯನ್ನು 3 ಮೀಟರ್ ಎಳೆದರೆ ರೋಧ ಸುಮಾರು 0.04 ಓಮ್ ಮಾತ್ರ; ಅದರ ಪರಿಣಾಮ ಕಿವಿಗೆ ನಿಲುಕದು. 1983ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ, ಯಾವ ಕೇಬಲ್ ಎಂದು ಕೇಳುಗರಿಗೆ ತಿಳಿಸದೆ ನಡೆಸಿದ ಪರೀಕ್ಷೆಯಲ್ಲಿ, ದುಬಾರಿ ಕೇಬಲನ್ನು ಸಾಕಷ್ಟು ದಪ್ಪವಿರುವ ಸಾಧಾರಣ ತಂತಿಯಿಂದ ಪ್ರತ್ಯೇಕಿಸಿ ಗುರುತಿಸಲು ಕೇಳುಗರಿಂದ ಆಗಲಿಲ್ಲ. ಆದ್ದರಿಂದ ಕಿರಾನಾ ಗಾಯನವನ್ನು ಪ್ರೀತಿಸುವವರು ದಪ್ಪನೆಯ ಸಾಧಾರಣ ತಾಮ್ರದ ತಂತಿ ಬಳಸಿ, ಜೋಡಣೆಗಳನ್ನು ಬಿಗಿಗೊಳಿಸಿ, ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ವೆಚ್ಚ ಮಾಡಲಿ.