ಸೂಜಿಯ ಮೊನೆಯ ಪಾಠ

ನನ್ನ ಬಳಿ ಪಿ.ಯು.ಸಿ.ಯಲ್ಲಿ ಕನ್ನಡ ಓದಿದ ಹುಡುಗಿಯೊಬ್ಬಳು ಈಗ ಎಂ.ಬಿ.ಬಿ.ಎಸ್. ಮುಗಿಸಿ ಚರ್ಮರೋಗಶಾಸ್ತ್ರದಲ್ಲಿ ಎಂ.ಡಿ. ಮಾಡುತ್ತಿದ್ದಾಳೆ. ಈಚೆಗೆ ಮನೆಗೆ ಬಂದಿದ್ದಾಗ, “ಏನಮ್ಮ, ಎದೆಯೊಳಗಿನದು, ಹೊಟ್ಟೆಯೊಳಗಿನದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಿಶೇಷ ಓದು ಬೇಕೆಂದರೆ ಒಪ್ಪುತ್ತೇನೆ. ಚರ್ಮ ಎದುರಿಗೇ ಇದೆಯಲ್ಲ, ಅದನ್ನು ನೋಡಲಿಕ್ಕೂ ಮೂರು ವರ್ಷವೇ?” ಎಂದು ಕೇಳಿದೆ. ಅವಳು ನಕ್ಕು, “ಎದುರಿಗಿರುವುದನ್ನು ನೋಡುವುದೇ ಕಷ್ಟ ಸಾರ್. ಕಜ್ಜಿಯ ಹುಳುವಿನ ಚರಿತ್ರೆ ಓದಿ ನೋಡಿ” ಎಂದಳು. ಓದಿದೆ. ಮೇಷ್ಟರಾದವರೆಲ್ಲ ಓದಬೇಕಾದ ಕಥೆ ಅದು.

ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆ 1607ರಲ್ಲಿ ನಾಲ್ಕನೆಯ ಹೆನ್ರಿ ದೊರೆಯ ಆಜ್ಞೆಯಂತೆ ಪ್ಲೇಗು ರೋಗಿಗಳಿಗಾಗಿ ಹುಟ್ಟಿದ್ದು. 1801ರಲ್ಲಿ ಕಜ್ಜಿ, ಹುಳುಕಡ್ಡಿ ಮೊದಲಾದ ಚರ್ಮರೋಗಗಳಿಗೆ ಅದು ಮೀಸಲಾಯಿತು. ಅಲ್ಲಿನ ವೈದ್ಯ ಅಲಿಬೇರ್ ಎಂಬವನು ಆಸ್ಪತ್ರೆಯ ಅಂಗಳದಲ್ಲಿ, ಲಿಂಡನ್ ಮರಗಳ ನೆರಳಿನಲ್ಲಿ, ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದನು. ಚರ್ಮರೋಗಗಳನ್ನೆಲ್ಲ ಒಂದು ಮರದ ಕೊಂಬೆರೆಂಬೆಗಳಂತೆ ವಿಂಗಡಿಸಿ ಅವನು 1829ರಲ್ಲಿ ಚಿತ್ರವನ್ನೇ ಬರೆಯಿಸಿದನು.

ಆದರೆ ಅಷ್ಟು ದೊಡ್ಡ ಜ್ಞಾನವೃಕ್ಷದ ಬುಡದಲ್ಲೇ ಒಂದು ಸಂಗತಿ ಇತ್ಯರ್ಥವಾಗದೆ ಉಳಿದಿತ್ತು. ಬಡವರನ್ನು ಹೆಚ್ಚಾಗಿ ಕಾಡುತ್ತಿದ್ದ ಕಜ್ಜಿಗೆ ಕಾರಣವೇನು? ರಕ್ತ ಕೆಟ್ಟದ್ದೆಂದು ಕೆಲವರು, ಹುಳುವೆಂದು ಕೆಲವರು. 1812ರಲ್ಲಿ ಅದೇ ಆಸ್ಪತ್ರೆಯ ಗಾಲೆಸ್ ಎಂಬವನು, ತಾನು ಹುಳುವನ್ನು ಕಂಡೆನೆಂದು ಪ್ರಬಂಧ ಬರೆದು ಚಿತ್ರವನ್ನೂ ಕೊಟ್ಟನು. ಆಮೇಲೆ ಹುಡುಕಿದವರಿಗೆ ಹುಳು ಸಿಕ್ಕಲೇ ಇಲ್ಲ. ಆ ಚಿತ್ರದಲ್ಲಿರುವುದು ಗಿಣ್ಣಿನಲ್ಲಿ ಹುಟ್ಟುವ ಹುಳುವೆಂದು 1829ರಲ್ಲಿ ರಾಸ್ಪೈ ತೋರಿಸಿಕೊಟ್ಟನು. ಕಜ್ಜಿಗೆ ಹುಳುವೇ ಇಲ್ಲ ಎನ್ನುವವರ ಕೈ ಮೇಲಾಯಿತು.

ಅಲಿಬೇರನ ಬಳಿ ಕಲಿಯುತ್ತಿದ್ದ ರೆನುಚ್ಚಿ ಎಂಬ ವಿದ್ಯಾರ್ಥಿ ಕಾರ್ಸಿಕಾ ದ್ವೀಪದವನು. 1834ರ ಆಗಸ್ಟ್ 13ರಂದು ಅವನು ಎಲ್ಲರೆದುರಿಗೆ ಒಬ್ಬ ರೋಗಿಯ ಕೈ ಹಿಡಿದು, ಸೂಜಿಯ ಮೊನೆಯಿಂದ ಹುಳುವನ್ನು ಹೊರಕ್ಕೆ ತೆಗೆದು ತೋರಿಸಿದನು. ಈ ವಿದ್ಯೆಯನ್ನು ಅವನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ. ಅವನ ಊರಿನ ಕಡೆಯ ಬಡ ಹೆಂಗಸರು ಕಾಲಿನ ಮುಳ್ಳು ತೆಗೆದಂತೆ ಕಜ್ಜಿಯ ಹುಳುವನ್ನು ತೆಗೆಯುತ್ತಿದ್ದರು; ಅದನ್ನು ಅವನು ಕಂಡಿದ್ದನು. ಪಂಡಿತರು ನೀರುಗುಳ್ಳೆಗಳನ್ನು ಒಡೆದು ಹುಡುಕುತ್ತಿದ್ದರು. ಹುಳು ಇರುವುದು ಅಲ್ಲಲ್ಲ. ಚರ್ಮದೊಳಗೆ ತಾನೇ ಕೊರೆದುಕೊಂಡ ಸಣ್ಣ ಸುರಂಗದ ತುದಿಯಲ್ಲಿ. ಮಿಲಿಮೀಟರಿನ ಮೂರರಲ್ಲೊಂದು ಪಾಲಿನಷ್ಟಿರುವ ಆ ಚುಕ್ಕೆ ಹೆಂಗಸರ ಕಣ್ಣಿಗೆ ಬಿದ್ದಿತ್ತು.

ಇದಕ್ಕಿಂತ ಆಶ್ಚರ್ಯದ ಮಾತೊಂದಿದೆ. ಇಟಲಿಯ ಬೊನೊಮೊ ಎಂಬ ವೈದ್ಯನು ಲಿವೊರ್ನೊ ಊರಿನ ಔಷಧ ವ್ಯಾಪಾರಿ ಚೆಸ್ಟೋನಿಯ ಜೊತೆಗೂಡಿ ಇದೇ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, 1687ರಲ್ಲಿಯೇ ಪ್ರಕಟಿಸಿದ್ದನು. ಅವನಿಗೂ ದಾರಿ ತೋರಿದವರು, ಮಕ್ಕಳ ಕೈಯಿಂದ ಹುಳು ಹೆಕ್ಕುತ್ತಿದ್ದ ಬಡ ತಾಯಂದಿರೇ. ಪಂಡಿತರು ಅದನ್ನು ಸುಮಾರು ನೂರೈವತ್ತು ವರ್ಷ ಮರೆತರು. ತಾಯಂದಿರು ಮರೆಯಲಿಲ್ಲ, ಮರೆಯಲು ರಾತ್ರಿಯೆಲ್ಲ ತುರಿಸಿಕೊಂಡು ಅಳುವ ಮಕ್ಕಳು ಬಿಡಬೇಕಲ್ಲ!

ಹುಳು ಕಂಡದ್ದಾಯಿತು. ರೋಗಕ್ಕೆ ಅದೇ ಕಾರಣವೆಂಬುದನ್ನು ನೆಲೆಗೊಳಿಸಿದವನು ವಿಯೆನ್ನಾದ ಹೆಬ್ರಾ. 1841ರಲ್ಲಿ ವೈದ್ಯ ಪದವಿ ಪಡೆದ ಅವನ ಪಾಲಿಗೆ ಬಂದದ್ದು ಕಜ್ಜಿಯವರೇ ತುಂಬಿದ್ದ ವಾರ್ಡು. ಅವನು ಬೇಸರಪಡಲಿಲ್ಲ. ಹುಳುವನ್ನು ತನ್ನ ಮೈಗೇ ಹತ್ತಿಸಿಕೊಂಡು ನೋಡಿದನು. ರಕ್ತದ ದೋಷವೇನೂ ಇಲ್ಲ, ಹುಳು ಸತ್ತರೆ ರೋಗ ಹೋಯಿತು ಎಂದು ಸಾರಿದನು. 1849ರಲ್ಲಿ ಪ್ರಾಧ್ಯಾಪಕನಾದ ಅವನಲ್ಲಿ ಚರ್ಮವನ್ನು ಓದಲು ಕಲಿಯುವುದಕ್ಕೆ ಯೂರೋಪು, ಅಮೆರಿಕಗಳಿಂದ ವೈದ್ಯರು ಬಂದರು. ಚರ್ಮವೈದ್ಯರ ವಿಶೇಷ ಶಿಕ್ಷಣ ಬೇರೂರಿದ್ದು ಹೀಗೆ.

ಇದನ್ನು ಓದುವಾಗ ನನ್ನ ಬಾಲ್ಯ ನೆನಪಾಯಿತು. ವಿದ್ಯಾರ್ಥಿನಿಲಯದಲ್ಲಿದ್ದಾಗ ನಮಗೆಲ್ಲ ಕಜ್ಜಿ ಹತ್ತಿತ್ತು. “ಸರಿಯಾಗಿ ಸ್ನಾನ ಮಾಡದ ಕೊಳಕರು” ಎಂದು ಬೈಸಿಕೊಂಡು ತಲೆ ತಗ್ಗಿಸಿದ್ದೆವು. ಸ್ನಾನದಿಂದ ಹೋಗುವ ಹುಳು ಅದಲ್ಲ, ಒಂದೇ ಚಾಪೆಯಲ್ಲಿ ಒತ್ತಿಕೊಂಡು ಮಲಗಿದರೆ ಹರಡುತ್ತದೆ ಎಂದು ಆಗ ಹೇಳುವವರಿರಲಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ನನ್ನ ಶಿಷ್ಯೆ ಈ ಮೂರು ವರ್ಷಗಳಲ್ಲಿ ಲೈಂಗಿಕ ರೋಗ, ಕುಷ್ಠಗಳನ್ನೂ ಕಲಿಯಬೇಕು; ಜನ ಹೇಳಿಕೊಳ್ಳಲು ನಾಚುವ ರೋಗಗಳೆಲ್ಲ ಅವಳ ಪಾಲಿಗೆ. “ಮೊದಲು ಬೆರಳಸಂದಿ ನೋಡುತ್ತೇವೆ ಸಾರ್. ಮನೆಯಲ್ಲಿ ಇನ್ನಾರಿಗೆ ತುರಿಕೆ ಇದೆ ಎಂದು ತಾಯಿಯನ್ನೇ ಕೇಳುತ್ತೇವೆ. ಔಷಧ ಮನೆಮಂದಿಗೆಲ್ಲ ಒಟ್ಟಿಗೇ” ಎಂದು ಅವಳು ಹೇಳಿದಳು.

ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ, “ಈ ಮಾತಿಗೆ ನಮ್ಮೂರಲ್ಲಿ ಬೇರೆ ಅರ್ಥ ಸಾರ್” ಎಂದರೆ, “ನಿಘಂಟಿನಲ್ಲಿಲ್ಲ, ಕೂತುಕೋ” ಎಂದು ನಾನು ಎಷ್ಟೋ ಸಲ ಗದರಿಸಿದ್ದೇನೆ. ಆ ಆಗಸ್ಟಿನಲ್ಲಿ ಅಲಿಬೇರನಿಗೆ ಅರುವತ್ತಾರು ವರ್ಷ. ಮೂರು ದಶಕಗಳಿಂದ ಪಾಠ ಹೇಳಿದವನು. ಆದರೂ ಅವನ ಪಾಠದಲ್ಲಿ ವಿದ್ಯಾರ್ಥಿಯೊಬ್ಬ ಸೂಜಿ ಹಿಡಿದು ಮುಂದೆ ಬರಲು ಜಾಗವಿತ್ತು. ಇನ್ನು ಮೇಲೆ ನಾನೂ ಸ್ವಲ್ಪ ತಡೆದು, “ಏನು ಅರ್ಥ, ಹೇಳು” ಎಂದು ಕೇಳಬೇಕೆಂದಿದ್ದೇನೆ.