ಜಾವಾಸ್ಕ್ರಿಪ್ಟ್ ಆಪರೇಟರ್‌ಗಳು

ಕೂಡು, ಕಳೆ, ಹೋಲಿಸು, ಬೆಲೆ ಇಡು ಎಂದು ಕಂಪ್ಯೂಟರಿಗೆ ಹೇಳುವ ಚಿಹ್ನೆಗಳೇ ಆಪರೇಟರ್‌ಗಳು. ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಕಟ್ಟಿದರು. ಚಿಹ್ನೆಗಳಿಗೆ ಮಾತ್ರ ಹೆಚ್ಚು ವಯಸ್ಸು: + ಮತ್ತು − ಅಚ್ಚಾದದ್ದು 1489ರ ಜರ್ಮನ್ ಪುಸ್ತಕವೊಂದರಲ್ಲಿ; = ಅನ್ನು ರಾಬರ್ಟ್ ರೆಕಾರ್ಡ್ ಬಳಕೆಗೆ ತಂದದ್ದು 1557ರಲ್ಲಿ. ++, ==, && ಸಿ ಭಾಷೆಯ ಮೂಲಕ ಬಂದವು.

ಕಲಿಯುವವರು ಮೊದಲು ಎಡವುವುದು + ಬಳಿ. ಅಥಣಿಯ ಚಪ್ಪಲಿ ಅಂಗಡಿಗೆ ಬಿಲ್ಲಿನ ಪುಟ ಬರೆಯುವ ವಿದ್ಯಾರ್ಥಿಗೆ, ಗಿರಾಕಿ ತುಂಬಿದ 800 ಸಂಖ್ಯೆಯಾಗಿ ಅಲ್ಲ, ಅಕ್ಷರಮಾಲೆಯಾಗಿ (ಸ್ಟ್ರಿಂಗ್) ಬರುತ್ತದೆ. ಅದಕ್ಕೆ 200 ಕೂಡಿಸಿದರೆ 1000 ಅಲ್ಲ, "800200" ಸಿಗುತ್ತದೆ. ಅಕ್ಷರಮಾಲೆ ಇದ್ದರೆ + ಜೋಡಿಸುತ್ತದೆ; − ಅದನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳುವುದರಿಂದ 200 ಕಳೆದರೆ ಉತ್ತರ 600, ಸರಿಯಾಗಿಯೇ ಬರುತ್ತದೆ.

== ಕೂಡ ಹೀಗೆಯೇ ಬೆಲೆಯ ಬಗೆಯನ್ನು (ಸಂಖ್ಯೆಯೋ ಅಕ್ಷರಮಾಲೆಯೋ ಎಂಬುದನ್ನು) ತಾನಾಗಿ ಬದಲಿಸಿಕೊಂಡು ಹೋಲಿಸುತ್ತದೆ. ಖಾಲಿ ಅಕ್ಷರಮಾಲೆ 0ಗೆ ಸಮ, "0" ಕೂಡ 0ಗೆ ಸಮ. ಆದರೆ ಅವೆರಡು ಪರಸ್ಪರ ಸಮವಲ್ಲ! ಹಳೆಯ ಪುಟಗಳು ಕೆಡಬಾರದೆಂದು ಇದನ್ನು ತೆಗೆಯಲಾಗಲಿಲ್ಲ. ಬಗೆಯನ್ನೂ ನೋಡುವ === ಜಾವಾಸ್ಕ್ರಿಪ್ಟ್‌ನ ಮಾನಕವಾದ ಎಕ್ಮಾಸ್ಕ್ರಿಪ್ಟ್‌ನ 1999ರ ಮೂರನೆಯ ಆವೃತ್ತಿಯಲ್ಲಿ ಸೇರಿತು.

ಭಾಗಾಕಾರದ ಚಿಹ್ನೆ / ಇದರ ಹಿಂದಿನ ಕಥೆ ಕನ್ನಡ ನೆಲಕ್ಕೆ ಇನ್ನೂ ಹತ್ತಿರ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ' ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ. ಆ ಮಾತು ನಿಲ್ಲಲಿಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆತ ಹೇಳಿದ್ದು ವಾಸ್ತವ ಸಂಖ್ಯೆಗಳಲ್ಲಿ ಇಂದಿಗೂ ಸರಿ: 2016ರಲ್ಲಿ ಬಂದ ** ಎಂಬ ಘಾತದ ಚಿಹ್ನೆಯಿಂದ (-4) ** 0.5, ಅಂದರೆ -4ರ ವರ್ಗಮೂಲ, ಎಂದು ಕೇಳಿದರೆ 'ಸಂಖ್ಯೆಯಲ್ಲ' ಎನ್ನುವ ಎನ್‌ಎಎನ್ ಬರುತ್ತದೆ.

ಹನ್ನೆರಡನೆಯ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಅಥಣಿಗೆ ಪೂರ್ವದ ವಿಜಯಪುರವೆಂದು ಕೆಲವು ವಿದ್ವಾಂಸರ ಅಭಿಪ್ರಾಯ; ಎಲ್ಲರೂ ಒಪ್ಪಿಲ್ಲ. ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಆತ ಖಹರವೆಂದು ಕರೆದ. ಅದು ಅನಂತ, ಏನು ಕೂಡಿದರೂ ಕಳೆದರೂ ಬದಲಾಗದು ಎಂದ. ಜಾವಾಸ್ಕ್ರಿಪ್ಟ್‌ನಲ್ಲಿ 5 / 0 ಇನ್ಫಿನಿಟಿ. ಅದರಿಂದ ಸಾವಿರ ಕಳೆದರೂ ಇನ್ಫಿನಿಟಿಯೇ. ಇದು ಕಂಪ್ಯೂಟರಿನಲ್ಲಿ ದಶಾಂಶ ಸಂಖ್ಯೆಗಳ ಲೆಕ್ಕಕ್ಕಿರುವ 1985ರ ಐಇಇಇ 754 ಮಾನಕದ ನಿಯಮ. ಎಂಟು ಶತಮಾನಗಳ ಅಂತರದಲ್ಲಿ ಎರಡೂ ಇಷ್ಟು ಹೊಂದುವುದು ನಿಜಕ್ಕೂ ಸೋಜಿಗ.

ಇವನ್ನೆಲ್ಲ ಪರೀಕ್ಷಿಸಲು ಏನನ್ನೂ ಕೊಳ್ಳಬೇಕಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ಕನ್ಸೋಲ್ ತೆರೆದು, ಒಂದೊಂದೇ ಸಾಲು ಬರೆದು ನೋಡಿ; ಹೋಲಿಕೆಗೆ === ಅನ್ನೇ ರೂಢಿ ಮಾಡಿಕೊಳ್ಳಿ.